ಮುಂಡಿನ ಸುರುಳಿ ಬರುವ ಜಾಗ

ಹೊಟ್ಟೆಯ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಮೂವತ್ತಮೂರು ವರ್ಷದ ನರ್ಸಿನ ಚಾಕರಿಯಲ್ಲಿ ಬೇರೆ ನೂರು ಕೆಲಸ ಮಾಡಿದ್ದೇನೆ. ಮೊದಲು ಠಾಣೆಯ ಒಂದು ಆಸ್ಪತ್ರೆ, ಆಮೇಲೆ ನವಿ ಮುಂಬಯಿಯ ಇನ್ನೊಂದು. ಬೆಡ್‌ಪ್ಯಾನಿನಿಂದ ಹಿಡಿದು ಆಪರೇಷನ್ ಥಿಯೇಟರಿನವರೆಗೆ ಎಲ್ಲವನ್ನೂ ಕಂಡಾಯಿತು. ನಿವೃತ್ತಿಯಾಗಿ ಎರಡು ವರ್ಷವಾದ ಮೇಲೂ ತಲೆಯಲ್ಲಿ ಉಳಿದಿರುವುದು ಆ ಗುರುತು, ಅದರಲ್ಲೂ ತಪ್ಪಾಗಿ ಹಾಕಿದ ಒಂದು ಗುರುತು.

ಮೊನ್ನೆ ತಂಗಿಯ ಮಗಳು ಮಾನಸಿ ಡೊಂಬಿವಲಿಯ ನನ್ನ ಮನೆಗೆ ಬಂದಿದ್ದಳು. ನರ್ಸಿಂಗ್ ಮುಗಿಸಿದ್ದಾಳೆ, ನಾನಿದ್ದ ವಿಭಾಗಕ್ಕೇ ಹಾಕಿದ್ದಾರೆ. "ದೊಡ್ಡಮ್ಮಾ, ವಹಾಂ ಬಹುತ್ ಗಂದಾ ಕಾಮ್ ಹೈ ನಾ?" ಎಂದು ಕೇಳಿದಳು. ಹೌದು ಮಗಾ, ಹೊಲಸು ಕೆಲಸವೇ. ಅದನ್ನು ಮುಚ್ಚಿಟ್ಟು ಸೇವೆ ಗೀವೆ ಎಂದು ದೊಡ್ಡ ಮಾತಾಡುವವರನ್ನು ಕಂಡರೆ ನನಗಾಗುವುದಿಲ್ಲ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳಮ್ಮ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಯಾವುದೆಂದು ಹೇಳಬೇಕು. ದೊಡ್ಡ ಕರುಳಿನ ಕೊನೆಯ ಒಂದು ಗೇಣಿಗೆ ಗುದನಾಳ ಎಂದು ಹೆಸರು. ಅಲ್ಲಿ ಗಂಟು ಬೆಳೆದರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಕೆಳಗೆ ಸಾಕಷ್ಟು ಉಳಿದರೆ ಮೇಲಿನ ತುದಿಯನ್ನು ಅದಕ್ಕೆ ಜೋಡಿಸುತ್ತಾರೆ. ಉಳಿಯದಿದ್ದರೆ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ತೂತು ಮಾಡಿ ಹೊರಗೆ ತಂದು ಹೊಲಿಯುತ್ತಾರೆ. ಇದಕ್ಕೆ ಸ್ಟೋಮಾ ಎನ್ನುತ್ತೇವೆ. ನೋಡಲು ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋವಿಲ್ಲ. ಅದರ ಮೇಲೆ ಒಂದು ಚೀಲ ಅಂಟಿಸಬೇಕು, ಮಲ ಆ ಚೀಲಕ್ಕೆ ಬರುತ್ತದೆ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಜೀವಮಾನವಿಡೀ.

ನಾನು ಕೆಲಸಕ್ಕೆ ಸೇರಿದಾಗ ಚೀಲವೆಂದರೆ ಚೀಲ, ಅಷ್ಟೇ. ಒಂದು ರಬ್ಬರ್ ಬಳೆ, ಅದಕ್ಕೆ ಪ್ಲಾಸ್ಟಿಕ್ ತೊಟ್ಟೆ, ಸೊಂಟಕ್ಕೆ ಪಟ್ಟಿ. ಒಂದು ಕೆಮ್ಮು ಬಂದರೆ ಸಾಕು, ಎಲ್ಲ ಹಾಸಿಗೆಗೆ. ನಮ್ಮ ಮೇಟ್ರನ್ ಕೇರಳದವರು, ಅವರನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಮೊದಲ ವಾರ ನಾನು ಮೂಗಿನ ಮೇಲೆ ಸೆರಗು ಹಿಡಿದದ್ದನ್ನು ಕಂಡು ಬಾತ್‌ರೂಮಿಗೆ ಕರೆದುಕೊಂಡು ಹೋದರು. "ನೀನು ಮೂಗು ಮುಚ್ಚಿದ್ದನ್ನು ಆ ಮನುಷ್ಯ ನೋಡಿದ. ಇವತ್ತು ಅವನು ಊಟ ಮಾಡುವುದಿಲ್ಲ. ಹೋಗಿ ಊಟ ಮಾಡಿಸಿ ಬಾ" ಎಂದರು. ಒಂದೂವರೆ ಗಂಟೆ ಕೂತು ಊಟ ಮಾಡಿಸಿದೆ. ಆಮೇಲೆ ಮೂಗು ಮುಚ್ಚಲಿಲ್ಲ.

ಆಗೆಲ್ಲ ತೂತು ಎಲ್ಲಿ ಮಾಡಬೇಕೆಂದು ಸರ್ಜನ್ ಮೇಜಿನ ಬಳಿಯೇ ತೀರ್ಮಾನಿಸುತ್ತಿದ್ದರು. ಮಲಗಿದ ಮನುಷ್ಯನ ಹೊಟ್ಟೆ ಚಪ್ಪಟೆ, ಎಲ್ಲಿ ಮಾಡಿದರೂ ಚೆಂದ. ಅದೇ ಮನುಷ್ಯ ಎದ್ದು ಕೂತಾಗ ಹೊಟ್ಟೆ ಮಡಿಕೆ ಬೀಳುತ್ತದೆ, ಸ್ಟೋಮಾ ಆ ಮಡಿಕೆಯೊಳಗೆ ಹೂತುಹೋಗುತ್ತದೆ, ಚೀಲ ಅಂಟುವುದಿಲ್ಲ. ನವಿ ಮುಂಬಯಿಗೆ ಬಂದ ಮೇಲೆ ನನ್ನ ಮೇಲಿನವರಾಗಿದ್ದ ಸರ್ಜನ್ ಲಿಮಯೆ ಸರ್. ಮರಾಠಿಯವರು, ಮಿತಭಾಷಿ, ಒಳ್ಳೆಯ ಕೈ. ಒಬ್ಬ ದರ್ಜಿಗೆ ಹೀಗಾದ ಮೇಲೆ ಅವರು ನನ್ನನ್ನು ಮೂರು ತಿಂಗಳ ತರಬೇತಿಗೆ ಕಳಿಸಿದರು. ಹಿಂದಿನ ದಿನವೇ ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಬೇಕು. ಮಡಿಕೆ ಇಲ್ಲದ, ಬೆಲ್ಟು ತಾಗದ, ರೋಗಿಯ ಕಣ್ಣಿಗೆ ಕಾಣುವ ಜಾಗದಲ್ಲಿ ಅಳಿಸದ ಶಾಯಿಯಿಂದ ಗುರುತು ಹಾಕಬೇಕು. ಮರುದಿನ ಸರ್ಜನ್ ಅಲ್ಲಿಯೇ ತೂತು ಮಾಡುತ್ತಾರೆ. ತರಬೇತಿ ಮುಗಿಸಿ ಬಂದವಳಿಗೆ ಜಂಭವೂ ಬಂದಿತ್ತು. ಸರ್ಜನ್ ನನ್ನ ಗುರುತಿನ ಮೇಲೆ ಚಾಕು ಇಡುತ್ತಾರೆಂದರೆ ಸಣ್ಣ ಸಂಗತಿಯೇ?

ನಂತರ ಪದ್ಧತಿಗಳು ಓಡೋಡಿ ಬಂದವು. ಉದ್ದದ ಗಾಯ ಹೋಗಿ ನಾಲ್ಕು ಸಣ್ಣ ತೂತು ಬಂದವು, ಈಗ ಯಂತ್ರದ ತೋಳುಗಳೂ ಬಂದಿವೆ. ಪಿನ್ನು ಹೊಡೆದು ಕರುಳು ಜೋಡಿಸುವ ಸ್ಟೇಪ್ಲರ್ ಬಂದ ಮೇಲೆ ತೀರ ಕೆಳಗಿನ ಗಂಟು ತೆಗೆದರೂ ಜೋಡಿಸುವುದು ಸಾಧ್ಯವಾಯಿತು. ಚೀಲ ತಪ್ಪಿಸಿದೆವು ಎಂದು ಥಿಯೇಟರಿನಲ್ಲಿ ಪೇಢೆ ಹಂಚಿದ್ದುಂಟು. ಕಲ್ಯಾಣದ ದೇಶಪಾಂಡೆಯವರು, ಧಾರವಾಡ ಕಡೆಯವರು, ಹಾಗೆ ಪೇಢೆ ಹಂಚಿಸಿಕೊಂಡ ರೋಗಿ. ಆರು ತಿಂಗಳ ಮೇಲೆ ಬಂದು ನನ್ನೆದುರು ಕೂತರು.

"ಏನ್ ಹೇಳ್ಲಿ ಸಿಸ್ಟರ್, ಚೀಲಾ ಇದ್ದಿದ್ರನ ಛಲೋ ಇತ್ರಿ. ಈಗ ಕಲ್ಯಾಣದಿಂದ ಠಾಣೆ ಮುಟ್ಟೋದ್ರಾಗ ಮೂರ್ ಸರ್ತೆ ಲೋಕಲ್ ಇಳೀಬೇಕಾಗ್ತೈತಿ. ಯಾವ ಸ್ಟೇಷನ್‌ದಾಗ ಸಂಡಾಸ ಎಲ್ಲೈತಿ ಅಂತ ನನ್ನ ಕೇಳ್ರಿ, ಹೇಳ್ತೀನಿ."

ಮಲ ಹಿಡಿದಿಟ್ಟುಕೊಳ್ಳುವ ಆ ಒಂದು ಗೇಣನ್ನೇ ತೆಗೆದ ಮೇಲೆ ಹಾಗಾಗುವುದು ಸಹಜ. ಪುಸ್ತಕದಲ್ಲೂ ಇತ್ತು. ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮ ಗೆಲುವು ಆಪರೇಷನ್ ಮೇಜಿನ ಬಳಿಯೇ ಮುಗಿದುಹೋಗುತ್ತದೆ, ಅವರು ಮಾತ್ರ ದಿನಾ ಅದರೊಂದಿಗೆ ಬದುಕಬೇಕು. ಇದು ತಿಳಿದ ಮೇಲೂ ನಾನು ಶ್ರೀಪತಿ ಭಟ್ಟರ ವಿಷಯದಲ್ಲಿ ಎಡವಿದೆ.

ಭಟ್ಟರು ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನ ಮುಖ್ಯ ಅಡುಗೆಯವರು. ಉಡುಪಿ ಕಡೆಯವರು, ವಯಸ್ಸು ಐವತ್ತಾರು. ಹದಿನೆಂಟನೆಯ ವಯಸ್ಸಿನಿಂದ ಅದೇ ಅಡುಗೆಮನೆ. ಠಾಕುರ್ಲಿಯಲ್ಲಿ ಮನೆ, ಹೆಂಡತಿ ಲಲಿತಕ್ಕ, ಆಫೀಸಿಗೆ ಹೋಗುವ ಮಗ ಪ್ರಸಾದ. ಭಟ್ಟರೂ ನಾನೂ ಮನೆಯಲ್ಲಿ ತುಳು ಆಡುವವರೇ. ಆದರೂ ಭಟ್ಟರು ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಇಂಥ ಮಾತನ್ನು ತುಳುವಿನಲ್ಲಿ ಹೇಳಲು ನಾಚಿಕೆಯಾಗುತ್ತದೆ, ಕನ್ನಡದಲ್ಲಾದರೆ ಸ್ವಲ್ಪ ದೂರ ಇರುತ್ತದೆ ಎಂದು ಅವರೇ ಒಮ್ಮೆ ಹೇಳಿದರು.

ಅವರ ಗಂಟು ತುಂಬ ಕೆಳಗಿತ್ತು. ಮೊದಲು ಕೆಲವು ವಾರ ರೇಡಿಯೇಷನ್ ಆಯಿತು, ಆಮೇಲೆ ಆಪರೇಷನ್ನಿಗೆ ಸೇರಿಸಿಕೊಂಡರು. ಜೋಡಿಸುವುದು ಬಹುಶಃ ಆಗಲಿಕ್ಕಿಲ್ಲ, ಕಾಯಂ ಸ್ಟೋಮಾ ಬರುತ್ತದೆ ಎಂದು ಲಿಮಯೆ ಸರ್ ಮೊದಲೇ ಹೇಳಿದ್ದರು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾನು ಪೆನ್ನು ಹಿಡಿದುಕೊಂಡು ಹೋದೆ. ಭಟ್ಟರು ಮಗನ ಪ್ಯಾಂಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿತ್ತು, ಬೆಲ್ಟು ಬಿಗಿದಿತ್ತು. ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಮಲಗಿಸಿದೆ, ಕೂರಿಸಿದೆ, ನಿಲ್ಲಿಸಿದೆ, ಬಾಗಿಸಿದೆ. ಬೆಲ್ಟಿನಿಂದ ಮೇಲೆ, ಹೊಕ್ಕುಳಿನಿಂದ ಎಡಕ್ಕೆ ಸಮತಟ್ಟಾದ ಒಳ್ಳೆಯ ಜಾಗ ಸಿಕ್ಕಿತು. ಗುರುತು ಹಾಕಿ ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿದೆ.

ಭಟ್ಟರು ತಲೆ ಬಗ್ಗಿಸಿ ಆ ಗುರುತನ್ನು ಸ್ವಲ್ಪ ಹೊತ್ತು ನೋಡಿದರು. "ಸಿಸ್ಟರ್," ಎಂದರು.

"ಎಂತ ಭಟ್ರೇ?"

"ಎಂತ ಇಲ್ಲ."

ನನಗೆ ಇನ್ನೂ ಇಬ್ಬರು ರೋಗಿಗಳಿದ್ದರು. ಪೆನ್ನಿನ ಮುಚ್ಚಳ ಹಾಕಿಕೊಂಡು ಹೊರಟೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಪೂರ್ತಿ ಬಂತು, ಅಂಚುಗಳಲ್ಲಿ ಏನೂ ಉಳಿಯಲಿಲ್ಲ. ಸ್ಟೋಮಾ ನನ್ನ ಗುರುತಿನ ಮೇಲೆಯೇ ಬಂತು. ಭಟ್ಟರು ಮನೆಗೆ ಹೋದರು. ಮೂರು ತಿಂಗಳಾದ ಮೇಲೆ ಕೆಲಸಕ್ಕೂ ಹೋದರು. ಅಲ್ಲಿಂದ ತೊಂದರೆ ಶುರುವಾಯಿತು.

ಚೀಲ ಸೋರುತ್ತಿತ್ತು. ಬೆಳಗ್ಗೆ ಅಂಟಿಸಿದ್ದು ಹತ್ತು ಗಂಟೆಗೆ ಅಂಚು ಬಿಡುತ್ತಿತ್ತು. ಭಟ್ಟರು ನನ್ನ ಬಳಿಗೆ ಬಂದಾಗಲೆಲ್ಲ ಪ್ಯಾಂಟಿನಲ್ಲೇ ಬರುತ್ತಿದ್ದರು. ನಾನು ಅಂಟಿಸಿ, ಕೂರಿಸಿ, ಬಾಗಿಸಿ ನೋಡಿದರೆ ಅಲ್ಲಾಡುತ್ತಿರಲಿಲ್ಲ. ಹಾಗಾಗಿ ಅವರು ಅಂಟಿಸುವುದೇ ಸರಿಯಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಚರ್ಮ ಒಣಗಿಸುವುದಿಲ್ಲ, ತೂತು ಸರಿಯಾಗಿ ಕತ್ತರಿಸುವುದಿಲ್ಲ ಎಂದು ಬೈದೆ. "ಸಾವಿರ ಜನಕ್ಕೆ ಅಡುಗೆ ಮಾಡುವ ಕೈಗೆ ಒಂದು ಚೀಲ ಅಂಟಿಸ್ಲಿಕ್ಕೆ ಬರುದಿಲ್ವಾ ಭಟ್ರೇ?" ಎಂದೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಮ್ಮ ವಿಭಾಗದಲ್ಲಿ ಒಂದು ರಿಜಿಸ್ಟರ್ ಇತ್ತು, ಪ್ರತಿಯೊಬ್ಬ ರೋಗಿಗೂ ಒಂದು ಪುಟ. ಭಟ್ಟರ ಪುಟದಲ್ಲಿ ನಾನು 'ರೋಗಿ ಸಹಕರಿಸುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದೆ. ಹೊಸಬರಿಗೆ ಒಂದು ಮಾತು: ಈ ವಾಕ್ಯ ಬರೆಯಲು ಕೈ ಏಳುವಾಗಲೆಲ್ಲ ಪೆನ್ನು ಕೆಳಗಿಡಿ. ಅದು ಹೆಚ್ಚಾಗಿ ನಮ್ಮ ಸೋಮಾರಿತನದ ಇನ್ನೊಂದು ಹೆಸರು.

ಎರಡು ತಿಂಗಳು ಭಟ್ಟರ ಪತ್ತೆಯಿಲ್ಲ. ಆಮೇಲೊಂದು ದಿನ ಲಲಿತಕ್ಕ ಒಬ್ಬರೇ ಬಂದರು, ಚೀಲಗಳ ಖಾಲಿ ಡಬ್ಬಿ ಹಿಡಿದುಕೊಂಡು.

"ಭಟ್ರು ಎಲ್ಲಿ?" ಎಂದೆ.

"ಅವ್ರು ಬರುದಿಲ್ಲಂತೆ. ನೀವು ಬೈತೀರಿ ಅಂತ." ಲಲಿತಕ್ಕ ಇದನ್ನು ದೂರುವ ಹಾಗೆ ಹೇಳಲಿಲ್ಲ, ಸುಮ್ಮನೆ ಸುದ್ದಿ ಹೇಳಿದ ಹಾಗೆ ಹೇಳಿದರು. "ಹೋಟೆಲಿಗೂ ಹೋಗುದಿಲ್ಲ ಸಿಸ್ಟರ್. ಬೆಳಿಗ್ಗೆ ಒಂದು ಲೋಟ ಕಾಫಿ, ಅಷ್ಟೇ. ತಿಂದ್ರೆ ಚೀಲ ತುಂಬ್ತದೆ ಅಂತ ತಿನ್ನುದೇ ಇಲ್ಲ. ಧಣಿಗಳು ಒಳ್ಳೆಯವರು. ನವರಾತ್ರಿವರೆಗೆ ಕಾಯ್ತೇನೆ, ಆಮೇಲೆ ಬೇರೆ ಭಟ್ಟರನ್ನು ಇಡದೆ ಆಗುದಿಲ್ಲ ಅಂದಿದ್ದಾರೆ. ಇವರು, ಇಡಿ ಅಂತ ಹೇಳಿಬಿಟ್ಟಿದ್ದಾರೆ. ಮೂವತ್ತೆಂಟು ವರ್ಷ ಸಿಸ್ಟರ್. ಅಡುಗೆಮನೆ ಬಿಟ್ರೆ ಅವ್ರಿಗೆ ಬೇರೆ ಎಂತ ಗೊತ್ತುಂಟು?"

ನನಗೆ ನಾಚಿಕೆಯಾಯಿತು. ರೋಗಿ ನನಗೆ ಹೆದರಿ ಊಟ ಬಿಟ್ಟು ಕೂತಿದ್ದಾನೆ ಎಂದರೆ ಚೇಚಿ ಇದ್ದಿದ್ದರೆ ನನ್ನನ್ನು ಬಾತ್‌ರೂಮಿಗಲ್ಲ, ಸೀದಾ ಗೇಟಿಗೆ ಕಳಿಸುತ್ತಿದ್ದರು. ಆ ಭಾನುವಾರ ಠಾಕುರ್ಲಿಗೆ ಹೋದೆ. ನಮ್ಮಲ್ಲಿಂದ ಒಂದೇ ಸ್ಟೇಷನ್. ಅಷ್ಟು ಹತ್ತಿರವಿದ್ದೂ ಅಷ್ಟು ತಿಂಗಳು ಹೋಗಿ ನೋಡಬೇಕೆಂದು ನನಗೆ ಅನ್ನಿಸಿರಲಿಲ್ಲ.

ಬಾಗಿಲು ತೆರೆದದ್ದು ಪ್ರಸಾದ. ಒಳಗೆ ಭಟ್ಟರು ನೆಲದ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಮೈಮೇಲೆ ಅಂಗಿಯಿಲ್ಲ, ಸೊಂಟದಲ್ಲಿ ಮುಂಡು. ನಮ್ಮ ಕಡೆ ಪಂಚೆಗೆ ಮುಂಡು ಎನ್ನುವುದು. ನನ್ನನ್ನು ಕಂಡು ಗಡಬಡಿಸಿ ಎದ್ದರು. ನನ್ನ ಕಣ್ಣು ಅವರ ಹೊಟ್ಟೆಯ ಮೇಲೆ ನಿಂತಿತು.

"ಭಟ್ರೇ, ಅಡುಗೆಮನೆಯಲ್ಲಿ ನಿಂತಾಗ ಹೇಗೆ ಕಟ್ಟುತ್ತೀರಿ, ಹಾಗೆ ಕಟ್ಟಿ ತೋರಿಸಿ."

ಅವರು ಮುಂಡನ್ನು ಅರ್ಧಕ್ಕೆ ಎತ್ತಿ ಮಡಚಿ ಹೊಕ್ಕುಳಿನ ಮಟ್ಟದಲ್ಲಿ ಸುರುಳಿ ಸುತ್ತಿ ಸಿಕ್ಕಿಸಿದರು. ಅದರ ಮೇಲೆ ಬೈರಾಸು ಟವೆಲನ್ನು ಬಿಗಿಯಾಗಿ ಕಟ್ಟಿದರು. ಬೆಂಕಿಯೆದುರು ಹತ್ತು ಗಂಟೆ ನಿಲ್ಲುವವನು ಹಾಗೆಯೇ ಕಟ್ಟಬೇಕು, ಇಲ್ಲದಿದ್ದರೆ ಜಾರುತ್ತದೆ. ಚೀಲದ ಮೇಲರ್ಧ ಸುರುಳಿಯಡಿಯಲ್ಲಿ ಮಾಯವಾಯಿತು. ಒಳಗೆ ಬಂದದ್ದು ಕೆಳಕ್ಕೆ ಇಳಿಯಲು ದಾರಿಯಿಲ್ಲ, ಪಕ್ಕಕ್ಕೆ ನುಗ್ಗಿ ಅಂಟು ಬಿಡಿಸಿಕೊಂಡು ಹೊರಗೆ ಬರುತ್ತದೆ. ಭಟ್ಟರು ಜಗತ್ತಿನಲ್ಲೇ ಚೆಂದವಾಗಿ ಅಂಟಿಸಿದರೂ ಅದು ನಿಲ್ಲುವಂತಿರಲಿಲ್ಲ. ನಾನು ಗುರುತು ಹಾಕಿದ್ದು ಮುಂಡಿನ ಸುರುಳಿ ಬರುವ ಜಾಗಕ್ಕೇ.

ನನ್ನ ಅಪ್ಪ ಮುಂಡು ಉಡುತ್ತಿದ್ದರು, ಹಾಗೆಯೇ ಕಟ್ಟುತ್ತಿದ್ದರು. ಇಬ್ಬರು ಅಣ್ಣಂದಿರು ಊರಿನಲ್ಲಿ ಈಗಲೂ ಹಾಗೆಯೇ ಕಟ್ಟುತ್ತಾರೆ. ಬೇರೆ ಯಾವ ಊರಿನ ನರ್ಸ್ ಈ ತಪ್ಪು ಮಾಡಿದ್ದರೂ ಒಂದು ಅರ್ಥವಿತ್ತು. ನಾನು ಉಡುಪಿಯ ಅಡುಗೆಯವನ ಹೊಟ್ಟೆ ನೋಡಿ ಅವನ ಮಗನ ಪ್ಯಾಂಟಿಗೆ ಗುರುತು ಹಾಕಿದ್ದೆ.

"ಅವತ್ತು ಪ್ಯಾಂಟು ಯಾಕೆ ಹಾಕಿಕೊಂಡು ಬಂದದ್ದು?" ಎಂದು ಕೇಳಿದೆ. ಉತ್ತರ ಪ್ರಸಾದನಿಂದ ಬಂತು. "ಮೈನೇ ಬೋಲಾ ಥಾ, ಸಿಸ್ಟರ್. ಇತನೇ ಬಡೇ ಹಾಸ್ಪಿಟಲ್ ಮೇ ಲುಂಗಿ ಮೇ ಕೈಸೇ ಲೇಕೆ ಆತಾ?" ಅಷ್ಟು ದೊಡ್ಡ ಆಸ್ಪತ್ರೆಗೆ ಲುಂಗಿಯಲ್ಲಿ ಹೇಗೆ ಕರೆತರುವುದು ಎಂದು ಅವನೇ ಹಾಕಿಸಿದ್ದಂತೆ. ಅವನನ್ನು ಬೈಯುವ ಮುಖ ನನಗಿರಲಿಲ್ಲ.

ತಪ್ಪು ನನ್ನದೆಂದು ಭಟ್ಟರಿಗೆ ಆ ದಿನ ಹೇಳಲಿಲ್ಲ. ಧೈರ್ಯ ಬರಲಿಲ್ಲ, ಅದೇ ಸತ್ಯ. "ಅಡುಗೆಮನೆಯಲ್ಲೂ ಪ್ಯಾಂಟು ಹಾಕಿದರೆ ಆಗುವುದಿಲ್ಲವಾ?" ಎಂದು ಮೆಲ್ಲಗೆ ಕೇಳಿ ನೋಡಿದೆ.

"ಪ್ಯಾಂಟಿನ ಮಾತಲ್ಲ ಸಿಸ್ಟರ್." ಭಟ್ಟರು ಮತ್ತೆ ಬೀನ್ಸಿನ ಮುಂದೆ ಕೂತರು. "ಬೆಳಿಗ್ಗೆ ಮೊದಲ ಒಬ್ಬೆ ಇಡ್ಲಿ ಬೆಂದ ಕೂಡಲೆ ಒಂದು ಇಡ್ಲಿ ಬಾಳೆಲೆಯಲ್ಲಿ ಹಾಕಿ ದೇವರ ಪಟದ ಎದುರು ಇಡುದು ನಾನು. ಆಮೇಲೇ ಗಿರಾಕಿಗೆ. ಮೂವತ್ತೆಂಟು ವರ್ಷ ಒಂದು ದಿನ ತಪ್ಪಲಿಲ್ಲ. ಈಗ ಇದನ್ನು ಕಟ್ಟಿಕೊಂಡು ಅಲ್ಲಿ ನಿಲ್ಲುದು ಹೇಗೆ? ಒಂದು ದಿನ ಇಡ್ಲಿ ಇಡ್ಲಿಕ್ಕೆ ಬಗ್ಗಿದೆ, ಅಲ್ಲೇ ಸೋರಿತು. ದೇವರ ಎದುರೇ. ಕೈಯಲ್ಲಿದ್ದ ಎಲೆ ಕೆಳಗಿಟ್ಟು ಸೀದಾ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ."

ಅವರು ಕೆಲಸ ಬಿಟ್ಟದ್ದು ಇದಕ್ಕೆ. ನಾವು ಆಸ್ಪತ್ರೆಯಲ್ಲಿ ಗಂಟಿನ ಅಂಚು, ಅಂಟಿನ ಗುಣಮಟ್ಟ ಎಂದು ಮಾತಾಡಿಕೊಂಡಿದ್ದಾಗ ಆ ಮನುಷ್ಯ ಒಂದು ಇಡ್ಲಿಯ ಲೆಕ್ಕದಲ್ಲಿ ಬದುಕುತ್ತಿದ್ದ. ಬಾಯಿಗೆ ಬಂದದ್ದನ್ನು ಹೇಳಿಬಿಡುವ ನನ್ನ ಚಾಳಿ ಆಗಲೂ ಬಿಡಲಿಲ್ಲ. "ಅಲ್ಲ ಭಟ್ರೇ, ಮೊದಲು ಎಂತ, ಅದನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಿರಾ? ಮೂವತ್ತೆಂಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡೇ ದೇವರ ಎದುರು ನಿಂತದ್ದಲ್ವಾ?"

ಲಲಿತಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಭಟ್ಟರು ನನ್ನನ್ನೇ ನೋಡಿದರು, ಆಮೇಲೆ ಅವರೂ ನಕ್ಕರು. "ನಿಮ್ಮ ಬಾಯಿ ಮಾರಾಯ್ರೆ," ಎಂದರು. ನಕ್ಕರೂ ಒಪ್ಪಲಿಲ್ಲ. "ಒಳಗಿದ್ದದ್ದು ಬೇರೆ, ಹೊರಗೆ ಬಂದದ್ದು ಬೇರೆ. ಬೆಳಿಗ್ಗೆ ಎಲ್ಲ ಮುಗಿಸಿ, ಸ್ನಾನ ಮಾಡಿ, ಮತ್ತೆ ದಿನವಿಡೀ ಅದರ ಸುದ್ದಿಯೇ ಇಲ್ಲ ಅಂತ ಆಗುದಾದರೆ ಹೇಳಿ, ಇವತ್ತೇ ಹೋಗ್ತೇನೆ."

ಹಿಂದಿರುಗುವಾಗ ಲೋಕಲಿನ ಬಾಗಿಲಲ್ಲಿ ನಿಂತು ಆ ಕೊನೆಯ ಮಾತನ್ನೇ ಯೋಚಿಸಿದೆ. ಹಾಗೆ ಆಗುವ ಒಂದು ವಿಧಾನವಿತ್ತು. ತರಬೇತಿಯಲ್ಲಿ ನಾನೇ ಕಲಿತಿದ್ದೆ, ಮೊದಲ ವರ್ಷಗಳಲ್ಲಿ ಹತ್ತಾರು ಜನಕ್ಕೆ ಕಲಿಸಿಯೂ ಇದ್ದೆ. ಉಗುರುಬೆಚ್ಚಗಿನ ನೀರನ್ನು ಭುಜದ ಎತ್ತರಕ್ಕೆ ತೂಗುಹಾಕಿ, ಕೊಳವೆಯ ತುದಿಯ ಮೆತ್ತನೆಯ ಶಂಕುವಿನ ಮೂಲಕ ಸ್ಟೋಮಾದೊಳಗೆ ನಿಧಾನವಾಗಿ ಬಿಡಬೇಕು. ನೀರಿನ ಜೊತೆ ದೊಡ್ಡ ಕರುಳಿನಲ್ಲಿದ್ದದ್ದೆಲ್ಲ ಇಳಿದುಹೋಗುತ್ತದೆ. ಒಂದು ಗಂಟೆಯ ಕೆಲಸ. ಕೆಲವು ವಾರ ದಿನಾ ಅದೇ ಹೊತ್ತಿಗೆ ಮಾಡಿದರೆ ಕರುಳಿಗೆ ಅಭ್ಯಾಸವಾಗಿ ಮರುದಿನದವರೆಗೆ ಏನೂ ಬರುವುದಿಲ್ಲ. ಚೀಲವೇ ಬೇಡ, ಅಂಗೈಗಿಂತ ಸಣ್ಣ ಒಂದು ಮುಚ್ಚಳಪಟ್ಟಿ ಸಾಕು. ಅದು ಸುರುಳಿಯಡಿ ಇದ್ದರೂ ಬಾಧಕವಿಲ್ಲ. ಒಳ್ಳೊಳ್ಳೆಯ ಚೀಲಗಳು ಬಂದ ಮೇಲೆ ಈ ವಿಧಾನ ಹಿಂದೆ ಬಿತ್ತು. ಕಲಿಸಲು ಹಲವು ದಿನ ಬೇಕು, ಚೀಲ ಅಂಟಿಸುವುದನ್ನು ಇಪ್ಪತ್ತು ನಿಮಿಷದಲ್ಲಿ ಕಲಿಸಬಹುದು. ನಾನೂ ಇಪ್ಪತ್ತು ನಿಮಿಷದ ದಾರಿ ಹಿಡಿದಿದ್ದೆ.

ಸೋಮವಾರ ರಿಜಿಸ್ಟರ್ ತೆಗೆದು 'ರೋಗಿ ಸಹಕರಿಸುತ್ತಿಲ್ಲ' ಎಂಬುದನ್ನು ಹೊಡೆದುಹಾಕಿದೆ. ಅದರ ಕೆಳಗೆ 'ಗುರುತು ಹಾಕಿದ ಜಾಗ ತಪ್ಪು' ಎಂದು ಬರೆದು ಸಹಿ ಮಾಡಿ ಲಿಮಯೆ ಸರ್ ಮುಂದಿಟ್ಟೆ. ಅವರು ಓದಿ ಕನ್ನಡಕದ ಮೇಲಿಂದ ನೋಡಿದರು. "ಹೇ ಕಶಾಲಾ ಲಿಹಿಲಂ?" ಯಾಕೆ ಬರೆದಿರಿ ಎಂದು ಕೇಳುತ್ತಿದ್ದರು. ನಿಜವಾದ್ದರಿಂದ ಬರೆದೆ ಎಂದೆ. ಬೈಯಲಿಲ್ಲ, ಹೊಗಳಲೂ ಇಲ್ಲ. ರೇಡಿಯೇಷನ್ ಆದ ಕರುಳು, ಅವಸರ ಬೇಡ, ಮೊದಲು ಒಳಗೆ ನೋಡೋಣ ಎಂದರು. ನೋಡಿದರು. ಉರಿಯೂತವಿರಲಿಲ್ಲ, ಭೇದಿಯೂ ಇರಲಿಲ್ಲ. ಕಲಿಸಿ ಎಂದರು. ಕಪಾಟಿನಲ್ಲಿದ್ದ ನನ್ನ ಹಳೆಯ ಸಾಮಾನು ತೆಗೆದರೆ ರಬ್ಬರ್ ಪುಡಿಪುಡಿಯಾಗಿತ್ತು. ಹೊಸದು ತರಿಸಲು ಹತ್ತು ದಿನ ಹಿಡಿಯಿತು. ನವರಾತ್ರಿಗೆ ಆರು ವಾರ ಉಳಿದಿತ್ತು.

ಮೊದಲ ಸಲ ಭಟ್ಟರಿಗೆ ಹೊಟ್ಟೆ ನುಲಿದು ಬೆವರಿಳಿಯಿತು. ನಾನು ನೀರು ಬೇಗ ಬಿಟ್ಟಿದ್ದೆ. ಎರಡನೆಯ ಸಲ ಬಿಟ್ಟ ನೀರು ಬಿಟ್ಟಂತೆಯೇ ವಾಪಸು ಬಂತು. ಮೂರನೆಯ ಸಲಕ್ಕೆ ಕೊಳವೆಯ ಹಿಡಿತ ಅವರ ಕೈಗೇ ಕೊಟ್ಟೆ. ನೀರಿನ ಬಿಸಿ ನೋಡಲು ಥರ್ಮಾಮೀಟರ್ ಕೊಡಹೋದರೆ ಬೇಡವೆಂದು ಬೆರಳು ಅದ್ದಿದರು. "ಚಳಿಗಾಲದಲ್ಲಿ ಉದ್ದು ನೆನೆ ಹಾಕುವ ಹದ ಅಲ್ವಾ?" ಎಂದರು. ಅಳೆದು ನೋಡಿದೆ. ಸರಿಯಾಗಿತ್ತು. ಚೀಲ ಅಂಟಿಸಲು ಬಾರದ ಕೈ ಎಂದು ಬೈದದ್ದು ಇದೇ ಕೈಗೆ.

ಮನೆಯ ಕಷ್ಟ ಬೇರೆ. ಒಂದೇ ಶೌಚಾಲಯ, ಮೂರು ಜನ, ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ನಲ್ಲಿಯ ನೀರು. ಒಂದು ಗಂಟೆ ಒಳಗೆ ಕೂತರೆ ಮಗ ಆಫೀಸಿಗೆ ಹೋಗುವುದು ಹೇಗೆ? ಭಟ್ಟರಿಗೆ ಮೊದಲಿನಿಂದಲೂ ನಾಲ್ಕಕ್ಕೇ ಏಳುವ ರೂಢಿ, ಅದು ಕೈಹಿಡಿಯಿತು. ಹಿಂದಿನ ದಿನವೇ ನೀರು ತುಂಬಿಡುವ ಕೆಲಸವನ್ನು, ನಾನು ಕೇಳದಿದ್ದರೂ, ಪ್ರಸಾದ ವಹಿಸಿಕೊಂಡ. ದಿನಾ ರಾತ್ರಿ ಲಲಿತಕ್ಕನ ಫೋನು. ಇವತ್ತು ಹನ್ನೆರಡಕ್ಕೆ ಸ್ವಲ್ಪ ಬಂತು ಸಿಸ್ಟರ್. ಇವತ್ತು ನಾಲ್ಕಕ್ಕೆ. ನಾಲ್ಕನೆಯ ವಾರ ಒಂದು ದಿನ, "ಇವತ್ತು ಬರಲೇ ಇಲ್ಲ" ಎಂದರು. ಭಟ್ಟರು ಎರಡು ಹೊತ್ತೂ ಉಂಡಿದ್ದರಂತೆ.

ಈ ಮಧ್ಯೆ ನಾನೂ ನನ್ನ ಪದ್ಧತಿ ಬದಲಿಸಿದೆ. ಗುರುತು ಹಾಕುವ ದಿನ ಕೆಲಸಕ್ಕೆ ಹೋಗುವ ಬಟ್ಟೆಯನ್ನೇ ಹಾಕಿಕೊಂಡು ಬರಬೇಕೆಂದು ಎಲ್ಲರಿಗೂ ಹೇಳತೊಡಗಿದೆ. ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ ಮೀನು ಮಾರುವ ಹೆಂಗಸಿಗೆ ಒಂದು ಜಾಗ, ದಿನವಿಡೀ ಬಾಗಿ ಕೂರುವ ರಿಕ್ಷಾ ಚಾಲಕನಿಗೆ ಇನ್ನೊಂದು. ಘೋಡಬಂದರ್ ರಸ್ತೆಯಲ್ಲಿ ಗೋಡೆ ಪ್ಲಾಸ್ಟರ್ ಮಾಡುವ ಒಬ್ಬನನ್ನು ವಾರ್ಡಿನ ಗೋಡೆಯ ಮುಂದೆ ನಿಲ್ಲಿಸಿ ಅವನು ಕೈಯಾಡಿಸುವ ರೀತಿ ನೋಡಿ ಗುರುತು ಹಾಕಿದೆ. ಇದಕ್ಕೆ ನಾಟಕ ಕಂಪೆನಿ ಎಂದು ವಾರ್ಡಿನ ಹುಡುಗಿಯರು ಹೆಸರಿಟ್ಟರು. ಇಟ್ಟುಕೊಳ್ಳಲಿ.

ನವರಾತ್ರಿಯ ಮೊದಲ ದಿನ ಭಟ್ಟರು ಕೆಲಸಕ್ಕೆ ಮರಳಿದರು. ಅವತ್ತು ಬೆಳಗಿನ ಡ್ಯೂಟಿಗೆ ಹೊರಟವಳು ಸ್ಟೇಷನ್ನಿಗೆ ಹೋಗದೆ ಹೋಟೆಲಿಗೆ ಹೋದೆ. ಇನ್ನೂ ಗಿರಾಕಿಗಳಿರಲಿಲ್ಲ. ಒಳಗೆ ಅಡುಗೆಮನೆಯ ಬಾಗಿಲು ತೆರೆದಿತ್ತು. ಭಟ್ಟರು ಮುಂಡನ್ನು ಮಡಚಿ ಕಟ್ಟಿ, ಮೇಲೆ ಬೈರಾಸು ಬಿಗಿದು ನಿಂತಿದ್ದರು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಒಂದು ಇಡ್ಲಿಯನ್ನು ಬಾಳೆಲೆಗೆ ಹಾಕಿ, ಪಟದ ಎದುರು ಬಗ್ಗಿ ಇಟ್ಟು, ಕೈ ಮುಗಿದು ನಿಂತರು. ಏನೂ ಆಗಲಿಲ್ಲ. ಅವರು ನೆಟ್ಟಗೆ ನಿಂತು ಸಾಂಬಾರಿನ ಕಡೆ ತಿರುಗಿದರು.

ಸ್ವಲ್ಪ ಹೊತ್ತಿನಲ್ಲಿ ಒಂದು ಪ್ಲೇಟ್ ಇಡ್ಲಿ ಹಿಡಿದು ತಾವೇ ಹೊರಗೆ ಬಂದು ನನ್ನೆದುರು ಕೂತರು. ಮನಸ್ಸಿನಲ್ಲಿ ಇಷ್ಟು ದಿನ ಕಾದಿಟ್ಟದ್ದನ್ನು ಆಗ ಹೇಳಿದೆ.

"ಭಟ್ರೇ, ತಪ್ಪು ನಿಮ್ಮದಲ್ಲ. ಅವತ್ತು ಗುರುತು ಹಾಕಿದ ಜಾಗವೇ ಸರಿಯಿರಲಿಲ್ಲ. ಅಲ್ಲಿ ಮುಂಡಿನ ಸುರುಳಿ ಬರುತ್ತದೆ ಅಂತ ನನಗೆ ಹೊಳೆಯಲಿಲ್ಲ. ಮೇಲಿಂದ ನಿಮ್ಮನ್ನೇ ಬೈದೆ."

"ಗೊತ್ತುಂಟು," ಎಂದರು ಭಟ್ಟರು. "ಗುರುತು ಹಾಕುವಾಗಲೇ ಗೊತ್ತಿತ್ತು. ಅಲ್ಲಿ ಮುಂಡು ಬರ್ತದೆ ಅಂತ ಹೇಳ್ಲಿಕ್ಕೇ ಸಿಸ್ಟರ್ ಅಂತ ಕರೆದದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

"ಇನ್ನು ಮುಂಡು ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಲ್ಲುವವ ನಾನಾ, ಎಲ್ಲಿ ಹಾಕಿದ್ರೆ ಎಂತ ಅಂತ ಸುಮ್ಮನಾದೆ. ಬದುಕ್ತೇನೆ ಅಂತ ನನಗೆ ಅನ್ನಿಸಿರಲಿಲ್ಲ ಸಿಸ್ಟರ್. ಡಾಕ್ಟ್ರು ಕರುಳಿನ ಸುದ್ದಿ ಹೇಳಿದ್ರು, ನೀವು ಚೀಲದ ಸುದ್ದಿ ಹೇಳಿದ್ರಿ. ಅಡುಗೆಮನೆಯಲ್ಲಿ ಮುಂಡು ಹೇಗೆ ಕಟ್ತೀರಿ ಅಂತ ಅವತ್ತು ನೀವು ಒಂದು ಮಾತು ಕೇಳಿದ್ದಿದ್ರೆ, ಓ, ಇವರು ನನ್ನನ್ನು ವಾಪಸು ಕೆಲಸಕ್ಕೆ ಕಳಿಸ್ಲಿಕ್ಕೆ ನೋಡ್ತಾ ಇದ್ದಾರೆ ಅಂತ ಅವತ್ತೇ ಗೊತ್ತಾಗ್ತಿತ್ತು."

ಅಷ್ಟರಲ್ಲಿ ಗಿರಾಕಿಗಳು ಬಂದಿದ್ದರು, ಮೇಜಿನ ಬಳಿಯಿಂದ ಯಾರೋ ಎರಡು ಮಸಾಲೆ ದೋಸೆ ಎಂದು ಕೂಗಿದರು. ಭಟ್ಟರು ಬೈರಾಸು ಬಿಗಿ ಮಾಡಿಕೊಂಡು ಎದ್ದು ಹೋದರು.